ಅಂಬಿಗಿತ್ತಿ ದೋಣಿ ಬಿಟ್ಟಳಾ?

ಒಂದೇ ಒಂದು ಅಧ್ಯಾಯ ಉಳಿದಿತ್ತು. ಗ್ರಹಚಾರ ಶುರುವಾಗಿದ್ದೇ ಅಲ್ಲಿಂದ.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಗೆದ್ದಲಪ್ಪ ಎಂದು. ಪುಸ್ತಕ ಸಿಕ್ಕರೆ ರಟ್ಟಿನಿಂದ ರಟ್ಟಿಗೆ ತಿಂದು ಮುಗಿಸುವವನಿಗೆ ಬೇರೆ ಯಾವ ಹೆಸರಿಡುವುದು? ಅವನ ಓದುಗರ ಬಳಗದಲ್ಲಿ ಒಂದೇ ಪ್ರತಿ ಕೈಯಿಂದ ಕೈಗೆ ದಾಟುತ್ತದೆ. ಕೊನೆಗೆ ಓದಿದವನು ಸಭೆಯಲ್ಲಿ ಅದರ ಬಗ್ಗೆ ಮಾತಾಡಬೇಕು. ಪೂರ್ತಿ ಓದದೆ ಬಾಯಿ ಬಿಡುವಂತಿಲ್ಲ. ಬಳಗಕ್ಕಿರುವ ನಿಯಮ ಅದೊಂದೇ. ಬಹಳ ದಿನ ಕಾದ ಮೇಲೆ ಈ ಸಲ ಮಾತಿನ ಸರದಿ ಗೆದ್ದಲಪ್ಪನದು. ಸಭೆ ಇವತ್ತೇ ಸಂಜೆ.

ಆದರೆ ಕಚೇರಿಯಲ್ಲಿ ಪುಸ್ತಕ ತೆರೆಯುವುದೆಂದರೆ ಹುಲಿಯ ಬಾಯಿಗೆ ತಲೆ ಕೊಟ್ಟಂತೆ. ಅಲ್ಲಿ ಇಡೀ ದಿನ ಮೊಬೈಲು ತೀಡುತ್ತ ಕೂರಬಹುದು, ಯಾರೂ ಕೇಳರು. ಪುಸ್ತಕ ಹಿಡಿದವನು ಮಾತ್ರ ಕಳ್ಳ. ಹೋದ ವಾರವಷ್ಟೇ ಸಾಹೇಬರು ಕರೆಸಿ ಹೇಳಿದ್ದರು. "ನೋಡ್ರೀ, ಮೊಬೈಲ್ ನೋಡೋನು ಏನೋ ಕೆಲಸ ಮಾಡ್ತಿದಾನೆ ಅಂತ ಜನ ನಂಬ್ತಾರೆ. ಪುಸ್ತಕ ಓದೋನು ಖಾಲಿ ಕೂತಿದಾನೆ ಅಂತ ಕುರುಡನಿಗೂ ಗೊತ್ತಾಗುತ್ತೆ. ಇನ್ನೊಂದ್ಸಲ ಕಣ್ಣಿಗೆ ಬಿದ್ರೆ ಹಳೇ ಮೀಟರ್ ಗೋಡೌನಿಗೆ ಹಾಕ್ತೀನಿ."

ಆದ್ದರಿಂದ ಇವತ್ತು ಅವನು ಉಪಾಯ ಹೂಡಿದ್ದ. ಮಗಳು ಬೀಳಿಸಿ ಒಡೆದಿದ್ದ ಟ್ಯಾಬಿನ ಕವರು ಮನೆಯಲ್ಲಿ ಅನಾಥವಾಗಿ ಬಿದ್ದಿತ್ತು. ತೆಳ್ಳಗಿನ ಕಾದಂಬರಿ ಅದರೊಳಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು. ಮಕ್ಕಳು ಪುಸ್ತಕದೊಳಗೆ ಮೊಬೈಲು ಬಚ್ಚಿಡುವ ಕಾಲದಲ್ಲಿ ಅಪ್ಪ ಟ್ಯಾಬಿನೊಳಗೆ ಪುಸ್ತಕ ಬಚ್ಚಿಟ್ಟುಕೊಂಡು ಕೆಲಸಕ್ಕೆ ಹೊರಟ.

ಎರಡು ಪುಟ ತಿರುವಿದ್ದನೋ ಇಲ್ಲವೋ, ಇಡೀ ಬೀದಿಯ ನೆಟ್ ಹೋಯಿತು. ಕೊಳವೆ ಹಾಕಲು ರಸ್ತೆ ಅಗೆಯುತ್ತಿದ್ದವರು ಮೊಬೈಲ್ ಟವರಿಗೆ ಹೋಗುವ ಕೇಬಲ್ಲನ್ನೇ ಕತ್ತರಿಸಿದ್ದರು. ಅಗೆಸುತ್ತಿದ್ದದ್ದು ಇದೇ ಕಚೇರಿ. ಇನ್ನು ದೂರುವುದು ಯಾರನ್ನು?

ವಿಭಾಗದಲ್ಲಿ ಸಾವಿನ ಮನೆಯ ಕಳೆ ಬಂತು. ಲೆಕ್ಕಿಗರು ಮೊಬೈಲನ್ನು ಕಿಟಕಿಯಾಚೆ ಹಿಡಿದು ಮಳೆಹನಿಗೆ ಬೊಗಸೆಯೊಡ್ಡಿದವರಂತೆ ನಿಂತರು. ಟಪಾಲು ವಿಭಾಗದ ಅಕ್ಕ ತಮ್ಮ ಫೋನಿನ ಬೆನ್ನು ತಟ್ಟಿದರು, ಕೂಸಿಗೆ ತೇಗು ಬರಿಸುವ ಹಾಗೆ. ದಿನವಿಡೀ ಚುಟುಕು ವಿಡಿಯೋ ನೋಡಿ ರೀಲ್ಸ್ ರಾಜ ಎನಿಸಿಕೊಂಡಿದ್ದ ಹುಡುಗ ಬರಿದಾದ ಪರದೆಯನ್ನೇ ಅಭ್ಯಾಸಬಲದಿಂದ ಮೇಲೆ ತಳ್ಳುತ್ತ ಕೂತ. ಹಾಗೆ ಕೂತವನ ಕಣ್ಣು ಗೆದ್ದಲಪ್ಪನ ಮೇಲೆ ಬಿತ್ತು. ಗೆದ್ದಲಪ್ಪನ ಕಣ್ಣು ಓಡುತ್ತಿತ್ತು. ತುಟಿಯಲ್ಲಿ ಸಣ್ಣ ನಗು.

"ಅಣ್ಣಾ, ನಿಮ್ದರಲ್ಲಿ ನೆಟ್ ಬರ್ತಿದೆಯಾ?"

ಇಲ್ಲ ಎಂದರೆ ಏನು ನೋಡುತ್ತಿದ್ದೀರಿ ಎಂದು ಕೇಳುತ್ತಾನೆ. ಗೋಡೌನು ಕಣ್ಮುಂದೆ ಬಂತು. "ಹೂಂ. ಸ್ವಲ್ಪ."

ಮುಗಿಯಿತು. ಬೆಲ್ಲ ಕಂಡ ಇರುವೆಗಳಂತೆ ಎಲ್ಲರೂ ಮುತ್ತಿಕೊಂಡರು.

"ಹಾಟ್‌ಸ್ಪಾಟ್ ಹಾಕ್ರೀ," ಎಂದರು ಲೆಕ್ಕಿಗರು.

"ಇದು ಹಾಗೆಲ್ಲ ಹಂಚೋಕೆ ಬರಲ್ಲ ಸಾರ್," ಎಂದ ಗೆದ್ದಲಪ್ಪ ಕವರನ್ನು ಎದೆಗೆ ಅವುಚಿಕೊಂಡು. "ಬರೀ ಅಕ್ಷರ ಬರ್ತಿದೆ. ಯಾವುದೋ ಕತೆ."

"ಅದನ್ನೇ ಜೋರಾಗಿ ಓದ್ರೀ ಮತ್ತೆ. ಒಬ್ಬರೇ ಬಡಿಸ್ಕೊಂಡು ತಿನ್ನೋದು ಯಾವ ನ್ಯಾಯ?" ಎಂದರು ಅಕ್ಕ.

ವಿಧಿಯಿಲ್ಲದೆ, ಕವರನ್ನು ತನ್ನತ್ತಲೇ ವಾಲಿಸಿಕೊಂಡು, ಮೊದಲ ಪುಟಕ್ಕೆ ಮರಳಿ ಓದಿದ. ಅದೊಬ್ಬಳು ಅಂಬಿಗಿತ್ತಿಯ ಕತೆ. ಹೊಳೆ ದಾಟಲು ಬರುವ ಊರ ದಣಿ ತನಗೆ ದೋಣಿಯಲ್ಲಿ ಬೇರೆ ಪೀಠ ಬೇಕೆನ್ನುತ್ತಾನೆ. "ಕೂಲಿಯವರು ಕೂರೋ ಹಲಗೆ ಮೇಲೆ ಕೂತರೆ ಕರ್ಕೊಂಡು ಹೋಗ್ತೀನಿ, ಇಲ್ಲಾಂದ್ರೆ ಈಜ್ಕೊಂಡು ಹೋಗಿ," ಎನ್ನುತ್ತಾಳೆ ಅವಳು. ದಣಿ ದಡದಲ್ಲೇ ಡೇರೆ ಹಾಕುತ್ತಾನೆ. ಅವಳು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

"ಆಮೇಲೆ?" ಎಂದ ರಾಜ.

"ಆಮೇಲಿಂದಲ್ಲ, ಮೊದಲಿಂದ ಹೇಳಿ. ನಾನು ಈಗ ಬಂದೆ," ಎಂದರು ಪಕ್ಕದ ಕೋಣೆಯ ಬೆರಳಚ್ಚುಗಾರ್ತಿ.

ಮೊದಲಿಂದ ಓದಿದ. ಅರ್ಧಕ್ಕೆ ಬರುವಷ್ಟರಲ್ಲಿ ಮೀಟರ್ ಓದುವವರ ಗುಂಪು ಬಂತು. ಅವರಿಗೂ ಮೊದಲಿಂದಲೇ ಬೇಕು. ಗೆದ್ದಲಪ್ಪ ಓದಿದಷ್ಟೂ ಅವನ ಕೊನೆಯ ಅಧ್ಯಾಯ ದೂರ ಸರಿಯಿತು, ಬಿಸಿಲುಕುದುರೆಯ ಹಾಗೆ. ಬಕೆಟ್ ಹಿಡಿದು ಜಗಳಕ್ಕೆಂದೇ ಬಂದ ಒಬ್ಬ ಹೆಂಗಸು, "ನಮ್ಮ ಓಣಿಗೆ ನೀರು ಬಿಡ್ತೀರೋ ಇಲ್ವೋ" ಎಂದು ಗುಡುಗಿ, ಎರಡು ನಿಮಿಷ ಕೇಳಿ, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೇ ಕೂತಳು. "ನೀರಿನ ವಿಷಯ ಆಮೇಲೆ ನೋಡ್ಕೋತೀನಿ. ಅವಳು ದೋಣಿ ಬಿಟ್ಲಾ ಹೇಳಿ."

"ಕಪ್ಪಗೆ, ಎತ್ತರಕ್ಕೆ ಇದ್ದಾಳೆ ಅಲ್ವಾ ಅವಳು? ನಮ್ಮ ಸೋದರತ್ತೆ ಥರ," ಎಂದರು ಲೆಕ್ಕಿಗರು.

"ಎತ್ತರ ಎಲ್ಲಿಂದ ಬಂತು? ಗಿಡ್ಡಕ್ಕಿದಾಳೆ. ಹಣೆ ಮೇಲೆ ಗಾಯದ ಗುರುತಿದೆ," ಎಂದರು ಅಕ್ಕ.

ಪುಸ್ತಕದಲ್ಲಿ ಅವಳ ಎತ್ತರವೂ ಇರಲಿಲ್ಲ, ಗಾಯವೂ ಇರಲಿಲ್ಲ. ಪರದೆಯ ಮೇಲೆ ಬಂದಿದ್ದರೆ ಎಲ್ಲರಿಗೂ ಯಾರೋ ಮೇಕಪ್ಪು ಹಚ್ಚಿ ಕಳಿಸಿದ ಒಬ್ಬಳೇ ಅಂಬಿಗಿತ್ತಿ ಸಿಗುತ್ತಿದ್ದಳು. ಇಲ್ಲಿ ಒಬ್ಬೊಬ್ಬರೂ ತಮ್ಮ ಮನೆಯಲ್ಲಿ, ತಮ್ಮ ಓಣಿಯಲ್ಲಿ ತಲೆ ಬಗ್ಗಿಸದೆ ಬಾಳಿದ ಯಾರನ್ನೋ ಕರೆತಂದು ಆ ದೋಣಿಯಲ್ಲಿ ಕೂರಿಸಿದ್ದರು. ವರ್ಷಗಟ್ಟಲೆ ಅಕ್ಕಪಕ್ಕ ಕೂತು ಒಬ್ಬರ ಮುಖ ಒಬ್ಬರು ನೋಡದಿದ್ದವರು ಇವತ್ತು ಕಾಗದದ ಹೆಣ್ಣೊಬ್ಬಳಿಗಾಗಿ ಒಟ್ಟಿಗೆ ಉಸಿರು ಬಿಗಿಹಿಡಿದಿದ್ದರು. ಇಂಥ ಕೆಲಸ ಮಾಡಲು ಅಕ್ಷರಕ್ಕೆ ಕೇಬಲ್ಲೂ ಬೇಕಿರಲಿಲ್ಲ, ಚಾರ್ಜೂ ಬೇಕಿರಲಿಲ್ಲ.

"ಇಷ್ಟು ಹೊತ್ತಾದ್ರೂ ಒಂದು ಜಾಹೀರಾತು ಬರ್ಲಿಲ್ವಲ್ಲಣ್ಣ," ಎಂದ ರಾಜ ಬೆರಗಾಗಿ. "ದುಡ್ಡು ಕಟ್ಟಿ ಹಾಕಿಸಿದೀರಾ?"

ಆಗ ಗಾಜಿನ ಕೋಣೆಯ ಬಾಗಿಲು ತೆರೆಯಿತು. "ಏನ್ರೀ ಇದು ಸಂತೆ?" ಎಂದರು ಸಾಹೇಬರು.

"ಇವರಿಗೆ ಮಾತ್ರ ನೆಟ್ ಬರ್ತಿದೆ ಸಾರ್," ಎಂದು ಲೆಕ್ಕಿಗರು ಚಾಡಿಯನ್ನೂ ಹೆಮ್ಮೆಯನ್ನೂ ಬೆರೆಸಿ ಹೇಳಿದರು.

"ಹೌದಾ? ಕೊಡಿ ಇಲ್ಲಿ. ಮೇಲಿನವರಿಗೆ ವರದಿ ಕಳಿಸ್ಬೇಕು."

ಗೆದ್ದಲಪ್ಪ ಕೊಡಲಿಲ್ಲ. ಸಾಹೇಬರೇ ಕಿತ್ತುಕೊಂಡು ಕವರು ತೆರೆದರು, ಪರದೆ ಬೆಳಗಲೆಂದು ಬೆರಳಿನಿಂದ ಒತ್ತಿದರು. ಬೆರಳಡಿಯಲ್ಲಿ ಪುಟ ಮಡಚಿಕೊಂಡಿತು.

"ಪುಸ್ತಕ," ಎಂದರು ಸಾಹೇಬರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವರಂತೆ.

"ಪುಸ್ತಕಾನಾ?" ಎಂದ ರಾಜ. ಮೋಸ ಹೋದ ಸಿಟ್ಟು ಅವನ ಮುಖದಲ್ಲಿ ಕೆಂಪಗೆ ಏರಿ, ಅಷ್ಟೇ ಬೇಗ ಇಳಿಯಿತು. "ಹೋಗ್ಲಿ ಬಿಡಿ. ಸಾರ್, ಮುಂದಿನ ಪುಟದಲ್ಲಿ ಏನಿದೆ ನೋಡಿ ಹೇಳಿ."

ಸಾಹೇಬರು ಗುರುಗುಟ್ಟಿ, ಪುಸ್ತಕದೊಂದಿಗೆ ಕೋಣೆ ಸೇರಿದರು. ಗೋಡೌನಿಗೆ ವರ್ಗದ ಆದೇಶ ಈಗ ಬರುತ್ತದೆ, ಆಮೇಲೆ ಬರುತ್ತದೆ ಎಂದು ಗೆದ್ದಲಪ್ಪ ಬೆವರುತ್ತ ಕೂತ. ಬರಲಿಲ್ಲ. ಗಾಜಿನಾಚೆ ಸಾಹೇಬರು ಮೊದಲು ನಿಂತೇ ಇದ್ದರು, ಆಮೇಲೆ ಕೂತರು, ಆಮೇಲೆ ಕನ್ನಡಕ ಬದಲಿಸಿದರು. ಊಟದ ಡಬ್ಬಿ ತೆರೆಯಲೇ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ನೆಟ್ ಬಂತು. ಮೇಜಿನ ಮೇಲಿನ ಫೋನುಗಳು ಒಂದೇ ಸಮನೆ ಗುಂಯ್‌ಗುಟ್ಟಿದವು. ಯಾರೂ ಕೈಚಾಚಲಿಲ್ಲ. ಎಲ್ಲರ ಕಣ್ಣೂ ಗಾಜಿನ ಮೇಲಿತ್ತು.

ಕಚೇರಿ ಮುಗಿಯುವ ಹೊತ್ತಿಗೆ ಸಾಹೇಬರು ಹೊರಬಂದರು. ಕಣ್ಣು ಕೆಂಪಾಗಿತ್ತು.

"ಗೋಡೌನೂ ಇಲ್ಲ, ಏನೂ ಇಲ್ಲ," ಎಂದು ಮೂಗೊರೆಸಿಕೊಂಡರು. "ನಾಳೆಯಿಂದ ಊಟದ ಹೊತ್ತಲ್ಲಿ ಇಲ್ಲಿ ಓದು ನಡೀಲಿ. ನಾನೂ ಬರ್ತೀನಿ."

ಚಪ್ಪಾಳೆ ಬಿತ್ತು. ಗೆದ್ದಲಪ್ಪ ಕೈನೀಡಿದ. "ದೊಡ್ಡ ಉಪಕಾರ ಆಯ್ತು ಸಾರ್. ಪುಸ್ತಕ ಕೊಡಿ. ಸಂಜೆ ನಮ್ಮ ಬಳಗದಲ್ಲಿ ನಾನು ಇದರ ಬಗ್ಗೆ ಮಾತಾಡ್ಬೇಕು. ಕೊನೇ ಅಧ್ಯಾಯ ಒಂದು ಓದಿಬಿಡ್ತೀನಿ. ಪೂರ್ತಿ ಓದದೋರು ಮಾತಾಡಂಗಿಲ್ಲ ಅನ್ನೋದು ನಮ್ಮಲ್ಲಿ ನಿಯಮ."

ಸಾಹೇಬರು ಯೋಚಿಸಿದರು. "ಒಳ್ಳೇ ನಿಯಮ. ಹಾಗಾದ್ರೆ ನೀವು ಮಾತಾಡಂಗಿಲ್ಲ. ಇಲ್ಲಿ ಪೂರ್ತಿ ಓದಿರೋದು ನಾನೊಬ್ಬನೇ. ಜಾಗ ಎಲ್ಲಿ ಹೇಳಿ."

"ನಾವೂ ಬರ್ತೀವಿ ಸಾರ್," ಎಂದು ಲೆಕ್ಕಿಗರು, ಅಕ್ಕ, ರಾಜ ಎಲ್ಲ ಎದ್ದರು. ಬಕೆಟ್ಟಿನ ಹೆಂಗಸೂ ಎದ್ದಳು.

"ನಾನೂ..." ಎಂದ ಗೆದ್ದಲಪ್ಪ.

"ನೀವೆಲ್ಲಿ ಬರ್ತೀರಿ? ಬೆಳಿಗ್ಗೆಯಿಂದ ಬಂದ ದೂರುಗಳನ್ನ ಯಾರು ಕಂಪ್ಯೂಟರಿಗೆ ಏರಿಸೋದು? ನಿಮ್ಮದು ಓದಿ ಪಳಗಿದ ಕಣ್ಣು. ಬೇಗ ಮುಗಿಸ್ತೀರಿ."

ಮೊಬೈಲು ಬಿಟ್ಟು ತಲೆಯೆತ್ತದ ಜನವೆಲ್ಲ ಪುಸ್ತಕವನ್ನು ಮುಂದಿಟ್ಟುಕೊಂಡು ಮೆಟ್ಟಿಲಿಳಿದರು. ಪುಸ್ತಕ ಬಿಟ್ಟು ಬೇರೇನೂ ಬೇಡದವನು ಖಾಲಿ ವಿಭಾಗದಲ್ಲಿ ಪರದೆಯ ಮುಂದೆ ಕೂತ. ದೂರುಗಳು ಮುಗಿಯುವಂತಿರಲಿಲ್ಲ. ಒಂದಿಷ್ಟು ಹೊತ್ತಾದ ಮೇಲೆ ಅವನ ಫೋನು ಮಿಣುಕಿತು. ಅಕ್ಕನ ಸಂದೇಶ.

"ಸಾಹೇಬ್ರು ಬಹಳ ಚೆನ್ನಾಗಿ ಮಾತಾಡಿದ್ರು. ನೀವು ಪಾಪ ಕಾಯ್ತಿರ್ತೀರಿ ಅಂತ ಹೇಳ್ತಿದೀನಿ. ಕೊನೆಗೆ ದಣಿ ಸೋತು ಹಲಗೆ ಮೇಲೆ ಕೂರೋಕೆ ಬರ್ತಾನೆ. ಅಷ್ಟರಲ್ಲಿ ಹಲಗೆ ತುಂಬಿರುತ್ತೆ. ಅವನಿಗೆ ಉಳಿದಿದ್ದು ಹುಟ್ಟು ಹಾಕೋ ಜಾಗ ಒಂದೇ."

ಗೆದ್ದಲಪ್ಪ ಫೋನನ್ನು ಬೋರಲು ಹಾಕಿ, ಮುಂದಿನ ದೂರು ತೆರೆದ.