ಮಾವನ ಗಡ್ಡ ಮತ್ತು ಲಂಕೆಯ ರಾಜಕೀಯ

ನಮ್ಮ ಸೋದರಮಾವನ ಗಡ್ಡಕ್ಕೆ ಅರ್ಥಶಾಸ್ತ್ರ ಗೊತ್ತು ಎಂದರೆ ನೀವು ನಂಬುವುದಿಲ್ಲ. ಬೆಳಿಗ್ಗೆ ಕಂಪ್ಲಿಯಲ್ಲಿ ಒಂದು ಸಲ, ಸಂಡೂರಿಗೆ ಹೋದರೆ ಅಲ್ಲೊಂದು ಸಲ, ವಾಪಸು ಬರುತ್ತಾ ಹೊಸಪೇಟೆಯಲ್ಲಿ ಇನ್ನೊಂದು ಸಲ ಬೋಳಿಸಿಕೊಳ್ಳುತ್ತಾರೆ. ಗಣಿ ಲಾರಿಗಳು ಯಾಕೆ ನಿಂತಿವೆ, ಮುಂದಿನ ಸಲ ಯಾರು ಗೆಲ್ಲುತ್ತಾರೆ, ಎಲ್ಲವೂ ಸಲೂನಿನಲ್ಲೇ ತಿಳಿಯುತ್ತದಂತೆ.

"ಪೇಪರಿನಾಂವ ಮಾಲಕಗ ಅಂಜತಾನ, ಆಫೀಸರ ಎಮ್ಮೆಲ್ಲೆಗೆ ಅಂಜತಾನ. ಕತ್ತಿ ಹಿಡದಾಂವ ಯಾರಿಗೆ ಅಂಜಬೇಕಲೇ?"

ಹೀಗೆಂದು ಮಾವ ನುಣುಪು ಕೆನ್ನೆ ಸವರಿಕೊಳ್ಳುತ್ತಾರೆ.

ಅತ್ತೆಗೆ ಇದ್ದದ್ದು ಒಂದೇ ಆಸೆ. "ಮದಿವ್ಯಾದಾಗಿಂದ ಬರೇ ಡ್ಯಾಮಿನ ನೀರ ನೋಡೀನ್ರಿ. ಒಮ್ಮೆ ಸಮುದ್ರದಾಗ ಕಾಲಿಟ್ಟು ನಿಂದ್ರಬೇಕು."

ಹೊಸಪೇಟೆಯಲ್ಲಿ ರೈಲು ಹತ್ತಿದರೆ ಗೋವಾ! ಆದರೆ ಗೋವಾದ ರಾಜಕೀಯ ಮಾವನಿಗೆ ಆಗಲೇ ಗೊತ್ತಿತ್ತು. ಹೀಗಾಗಿ ಶ್ರೀಲಂಕಾ. ಚೀಲ ಹೊರಲು ನಾನು.

ಮೊದಲ ದಿನ ಕೊಲಂಬೊದಲ್ಲಿ ಸಮುದ್ರಕ್ಕೆಂದು ಹೊರಟ ಮಾವ ದಾರಿಯಲ್ಲಿ ಸಲೂನು ಕಂಡು ಒಳಹೊಕ್ಕರು. ಕ್ಷೌರಿಕನದು ಸಿಂಹಳ, ಮಾವನದು ಬಳ್ಳಾರಿ ಕನ್ನಡ. ದೇಶ ದಿವಾಳಿಯಾದಾಗ ಪೆಟ್ರೋಲಿಗೆ ನಿಂತ ಸಾಲು ಎಷ್ಟು ಉದ್ದವಿತ್ತು ಎಂದು ಅವನು ಗೋಡೆಯಿಂದ ಗೋಡೆಗೆ ನಡೆದು ತೋರಿಸಿದ. ಮುಖಕ್ಕೆ ಅರ್ಧ ಸೋಪು ಹಚ್ಚಿಕೊಂಡೇ ಮಾವ ಅವನ ಹಿಂದೆ ನಡೆದರು. ಅಷ್ಟರಲ್ಲಿ ಕತ್ತಲಾಯಿತು.

ಮರುದಿನ ಕ್ಯಾಂಡಿಯಲ್ಲಿ ಎರಡು ಸಲೂನು. ಎರಡನೆಯವನು ಕೆನ್ನೆಯ ಮೇಲೆ ಕೂದಲು ಹುಡುಕಿ, ಸಿಗದೆ, ತಲೆ ತಿಕ್ಕಿ ಕಳಿಸಿದ. ಬೆಂಚಿನ ಮೇಲಿದ್ದ ಅತ್ತೆ ನನಗೆ ಹೇಳಿದರು: "ನೀರಿನ ನಡುವಿನ ದೇಶಕ್ಕ ಬಂದು ಬರೇ ಕನ್ನಡಿ ನೋಡಾಕತ್ತೀನಿ." ನನಗೆ ನಗು ಬಂತು, ಮಾವನ ಮೇಲೆ ಸಿಟ್ಟೂ ಬಂತು.

ಕೊನೆಯ ದಿನ ವಿಮಾನ ನಿಲ್ದಾಣಕ್ಕೆ ಹೊರಡಲು ಒಂದೇ ತಾಸು ಉಳಿದಿತ್ತು. ಅಂತೂ ಕಡಲ ದಂಡೆಗೆ ಬಂದೆವು. ಅದರ ಎದುರಿಗೇ ಒಂದು ಸಲೂನು ಇರಬೇಕೆ! ಬಾಗಿಲಲ್ಲಿದ್ದವನು ಕೈಬೀಸಿ ಕರೆದ, ಮಾವನ ಕಾಲು ಅತ್ತ ಹೊರಳಿತು. ಅತ್ತೆ ಕಾಯಲಿಲ್ಲ. ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ನೀರಿಗೆ ನಡೆದೇಬಿಟ್ಟರು. ತೆರೆಯೊಂದು ಬಂದು ಮೊಣಕಾಲವರೆಗೆ ತೋಯಿಸಿತು. ಅತ್ತೆ ಗಟ್ಟಿಯಾಗಿ ನಕ್ಕರು.

ಆ ನಗು ಕೇಳಿ ಮಾವ ತಿರುಗಿದರು. ಮರಳಿನಲ್ಲಿ ಏಳುತ್ತ ಬೀಳುತ್ತ ಬಂದು, ಅತ್ತೆಯ ಚಪ್ಪಲಿ ತೆರೆಗೆ ಸಿಗದಂತೆ ಎತ್ತಿಕೊಂಡು ನಿಂತರು.

"ಮಾಮಾ, ಸಲೂನಿನಾಂವ ಕಾಯಾಕತ್ತಾನ" ಎಂದು ಚುಚ್ಚಿದೆ.

"ಕಾಯಲಿ ಬಿಡಲೇ. ನಲವತ್ತು ವರ್ಷ ಮನ್ಯಾಗ ಇದ್ದಾಕಿ ಹಿಂಗ ನಗತಾಳ ಅಂತ ನನಗ ಗೊತ್ತೇ ಇರಲಿಲ್ಲ."

ಮಾವನ ಕಣ್ಣು ತುಂಬಿತ್ತು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅತ್ತೆ ಇನ್ನೊಂದು ತೆರೆಗೆ ಕಾಯುತ್ತಿದ್ದರು. ವಿಮಾನದ ಮಾತನ್ನು ನಾನು ಎತ್ತಲಿಲ್ಲ.