ಬಾವಿಗಿಳಿದ ಕ್ಯಾಮೆರಾ ಡಬ್ಬಿ

ರವಿವಾರ, ಬೆಳಿಗ್ಗೆ ಆರೂವರೆ. ಸ್ಥಳ ಶಿವಬಸವ ನಗರದ ನಮ್ಮ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಶಾಂತಾ, ಮತ್ತು ಅಂಗಡಿಯಿಂದ ನೋಡಲು ತಂದು ಮೇಜಿನ ಮೇಲಿಟ್ಟ ಎರಡು ವಸ್ತುಗಳು: ಒಂದು ಮೆತ್ತನೆಯ ಪ್ಲಾಸ್ಟಿಕ್ ಚೀಲ, ಇನ್ನೊಂದು ಒಳಗಿನದೆಲ್ಲ ಕಾಣುವ ಗಟ್ಟಿ ಡಬ್ಬಿ. ಎರಡರ ಕೆಲಸವೂ ಒಂದೇ. ಕ್ಯಾಮೆರಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಮುದ್ರದ ಆಳಕ್ಕೆ ಹೋಗಿ, ತೇವ ತಗುಲದಂತೆ ವಾಪಸು ತರುವುದು. ಯಾವುದನ್ನು ಇಟ್ಟುಕೊಳ್ಳಬೇಕೆಂದು ಅಂದೇ ತೀರ್ಮಾನವಾಗಬೇಕಿತ್ತು.

ಹೆದರಿಕೆಗೂ ಒಂದು ಶಿಸ್ತು ಬೇಕೆಂದು ನಂಬಿದವನು ನಾನು. ಸೈನ್ಯದ ಉಗ್ರಾಣದಲ್ಲಿ ನೌಕರಿ ಮಾಡಿದವನಿಗೆ ಯಾವ ವಸ್ತುವನ್ನೂ ಪರೀಕ್ಷಿಸದೆ ಒಳಗೆ ಬಿಟ್ಟುಕೊಂಡು ಗೊತ್ತಿಲ್ಲ. ಹೆಣ್ಣು ನೋಡಲು ಹೋದಾಗಲೂ ನಾನು ಹುಡುಗಿಗಿಂತ ಉಪ್ಪಿಟ್ಟಿನ ಬಗ್ಗೆಯೇ ಹೆಚ್ಚು ಪ್ರಶ್ನೆ ಕೇಳಿದೆನೆಂದು ಶಾಂತಾ ಇಂದಿಗೂ ಆಡಿಕೊಳ್ಳುತ್ತಾಳೆ. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಅವಳು ಭಜನೆ ಕಲಿಯಬಹುದು ಎಂದುಕೊಂಡಿದ್ದೆ. ಅವಳು ಸ್ಕೂಬಾ ಕಲಿತಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಧುಮುಕುವುದು! ಅಡುಗೆಮನೆಯ ಸಿಲಿಂಡರ್ ಬದಲಿಸಿದರೂ ನಾನು ಅದನ್ನು ಸುತ್ತಲೂ ಮೂಸಿ ನೋಡುವವನು. ಮರುದಿನ ಅವಳು ಗೆಳತಿಯರೊಡನೆ ಕರಾವಳಿಗೆ ಹೊರಡುವವಳಿದ್ದಳು. ಈ ಸಲ ಮೀನುಗಳ ಫೋಟೋ ತೆಗೆಯಬೇಕಂತೆ. ಡಬ್ಬಿಯೊಳಗೆ ಒಂದಿಷ್ಟು ಉಪ್ಪುನೀರು ಹೊಕ್ಕರೂ ಅವಳು ಆಸೆಪಟ್ಟು ಕೊಂಡ ಕ್ಯಾಮೆರಾದ ಕಥೆ ಅಲ್ಲಿಗೆ ಮುಗಿಯಿತು.

ಮೊದಲು ಖಾಲಿ ಮುಳುಗಿಸಿ ನೋಡಿರೆಂದು ಅಂಗಡಿಯವನೇ ಹೇಳಿದ್ದ. ಬಕೆಟ್ ಸಾಕೆಂದಳು ಶಾಂತಾ. ಸಮುದ್ರದ ಪರೀಕ್ಷೆ ಬಕೆಟ್ಟಿನಲ್ಲಿ ಆದೀತೇ? ಖಾನಾಪುರದಲ್ಲಿ ಅವಳ ತಮ್ಮ ಬಸವರಾಜನ ಹಿತ್ತಲಿನ ಬಾವಿ ಆಳವಾಗಿದೆ. ಅಲ್ಲಿಗೇ ಹೋಗುವುದೆಂದು ಗೊತ್ತುಮಾಡಿದೆ. ಹೊರಡುವ ಮುನ್ನ ಪದ್ಧತಿಯಂತೆ ಹೊಸ ವಸ್ತುಗಳಿಗೆ ಪೂಜೆಯಾಗಬೇಕಲ್ಲ? ಚೀಲಕ್ಕೆ ಹೊರಗಡೆ ಒಂದು ಬೊಟ್ಟು ಇಟ್ಟೆ. ಡಬ್ಬಿಯ ಮೇಲೆ ನನಗೆ ಭರವಸೆ ಹೆಚ್ಚು, ಹಾಗಾಗಿ ಅದನ್ನು ಬಾಯಿ ತೆರೆದಿಟ್ಟು ಧಾರಾಳವಾಗಿ ಕುಂಕುಮ ಏರಿಸಿದೆ.

“ಇದೇನ್ ಹೊಸಾ ಸ್ಕೂಟರ್ ಏನ್ರೀ?” ಎಂದಳು ಶಾಂತಾ.

“ಸ್ಕೂಟರ್ ನೀರಾಗ ಇಳಿಯಂಗಿಲ್ಲ. ಇದಕ್ಕ ಎರಡು ಬೊಟ್ಟು ಹೆಚ್ಚ ಬೇಕು.”

ಕ್ಯಾಮೆರಾದ ಬದಲು ಎರಡರೊಳಗೂ ಒಂದೊಂದು ಹಿಡಿ ಚುರಮುರಿ ಹಾಕಿ ಮುಚ್ಚಿದೆ. ಮುಚ್ಚಳ ಬಿಗಿಯಾಗಿದೆಯೇ ಎಂಬುದಕ್ಕೆ ಚುರಮುರಿಗಿಂತ ನಂಬಿಗಸ್ತ ಸಾಕ್ಷಿಯಿಲ್ಲ. ತುಸು ತೇವ ತಾಗಿದರೂ ಮೆತ್ತಗಾಗಿ ನಿಜ ಒಪ್ಪಿಕೊಳ್ಳುತ್ತದೆ.

ಖಾನಾಪುರದಲ್ಲಿ ಬಸವರಾಜ, “ಬರ್ರಿ ಮಾಮಾ, ಕುಂದರ್ರಿ. ಬಾವಿ ಎಲ್ಲೂ ಓಡಿ ಹೋಗಂಗಿಲ್ಲ, ಮೊದಲ ಚಹಾ ಕುಡೀರಿ” ಎಂದ. ನಾನು ನಿಂತೇ ಕುಡಿದೆ. ಮೊದಲು ಚೀಲಕ್ಕೆ ಕಲ್ಲು ಕಟ್ಟಿ ಹಗ್ಗದಿಂದ ತಳಕ್ಕೆ ಇಳಿಸಿದೆವು. ಮೇಲೆ ಬಂದಾಗ ಚುರಮುರಿ ಒಣಗಿಯೇ ಇತ್ತು, ಆದರೆ ಆಳದ ನೀರು ಚೀಲವನ್ನು ಹಿಂಡಿ ಅದನ್ನು ಪುಡಿ ಮಾಡಿತ್ತು.

“ಮಾಮಾ, ಇದರಾಗ ಕ್ಯಾಮೆರಾ ಇಟ್ರ ಅಕ್ಕಾ ಏನೂ ಮಾಡೂದು ಬ್ಯಾಡ. ನೀರೇ ಅದರ ಗುಂಡಿ ಒತ್ತಿ ಫೋಟೋ ತಗೀತೈತಿ.”

ಚೀಲ ಅಲ್ಲಿಗೆ ಅನುತ್ತೀರ್ಣ. ಡಬ್ಬಿಗೂ ಕಲ್ಲು ಕಟ್ಟಿ ಇಳಿಸಿ, ಮೇಲಕ್ಕೆ ಎಳೆದೆವು. ಡಬ್ಬಿಯೊಳಗೆ ಗುಲಾಬಿ ಬಣ್ಣದ ನೀರು. ಅದರಲ್ಲಿ ಚುರಮುರಿ ಪಾಯಸದಂತೆ ತೇಲುತ್ತಿತ್ತು.

“ಬ್ಯಾಡ! ನಾಳೆ ಹೋಗೂದ ಬ್ಯಾಡ!” ಎಂದು ಕೂಗಿದೆ. ಡಬ್ಬಿ ಬೇಡವೆಂದು ಹೇಳಹೊರಟಿದ್ದೆ. ಬಾಯಿಂದ ಬಂದದ್ದು ಅದು.

ಶಾಂತಾ ನನ್ನ ಮುಖವನ್ನೊಮ್ಮೆ ನೋಡಿ, ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚಿ ಅದು ಕೂರುವ ಸಂದಿಯಲ್ಲಿ ಬೆರಳಾಡಿಸಿದಳು. ಬೆರಳು ಕೆಂಪಾಯಿತು. “ನೋಡ್ರಿ ನಿಮ್ಮ ಭಕ್ತಿ. ಇಲ್ಲಿ ಒಂದ್ ಕೂದಲೆಳಿ ಇದ್ರೂ ನೀರ ಒಳಗ ಬರತೈತಿ. ನೀವು ಮುಷ್ಟಿಗಟ್ಟಲೆ ಕುಂಕುಮ ತುಂಬೀರಿ.”

ಅವಳು ಸಂದಿಯನ್ನು ಒರೆಸಿದಳು, ಬಳೆಗೆ ತೆಳ್ಳಗೆ ಜಿಡ್ಡು ಸವರಿ ಕೂರಿಸಿ, ಹೊಸ ಚುರಮುರಿ ಹಾಕಿ ಮತ್ತೆ ಬಾವಿಗಿಳಿಸಿದಳು. ಈ ಸಲ ಮೇಲೆ ಬಂದದ್ದು ಗರಿಗರಿ. ಬಸವರಾಜ ಅದಕ್ಕೆ ಉಳ್ಳಾಗಡ್ಡಿ, ಖಾರ ಹಾಕಿ ಕಲಸಿಕೊಂಡು ತಿಂದ.

ಹಿಂದಿರುಗುವ ಬಸ್ಸಿನಲ್ಲಿ ಶಾಂತಾ ಕೇಳಿದಳು: “ಡಬ್ಬಿ ಬಗ್ಗೆ ಅಷ್ಟು ಪ್ರಶ್ನೆ ಕೇಳಿದ್ರಿ. ನನಗ ಒಂದರೆ ಕೇಳಿದ್ರೇನು?”

“ನೀ ಉತ್ತರಾ ಹೇಳಿಬಿಡ್ತಿ. ಅದ ಹೆದರಿಕಿ.”

ಅವಳು ನಕ್ಕು ಕಿಟಕಿಯತ್ತ ತಿರುಗಿದಳು. ಹೋಗಬೇಡ ಎಂದು ಇನ್ನೊಮ್ಮೆ ಹೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ಅಂಗಡಿಗೆ ಹೋಗಿ ಚೀಲ ಹಿಂದಿರುಗಿಸಿ, ಡಬ್ಬಿ ಉಳಿಸಿಕೊಂಡೆವೆಂದು ತಿಳಿಸಿದೆ. ಕೈಬಿಟ್ಟರೆ ಅದು ಮುಳುಗುತ್ತದೆಯೇ ಎಂದು ಕೇಳಿದೆ. ಇಲ್ಲ, ಕ್ಯಾಮೆರಾ ಸಮೇತ ತೇಲಿ ಮೇಲಕ್ಕೇ ಬರುತ್ತದೆ ಎಂದ ಅಂಗಡಿಯವನು. ಅಲ್ಲೇ ಒಂದು ಗಟ್ಟಿಮುಟ್ಟಾದ ನೈಲಾನ್ ದಾರ ಕೊಂಡೆ. ಊಟವಾದ ಮೇಲೆ ಅದರ ಒಂದು ತುದಿಯನ್ನು ಡಬ್ಬಿಗೆ ಬಿಗಿದು, ಇನ್ನೊಂದನ್ನು ಶಾಂತಾಳ ಮಣಿಕಟ್ಟಿನ ಅಳತೆಗೆ ಕುಣಿಕೆ ಮಾಡಿದೆ.

“ಕ್ಯಾಮೆರಾ ಕಳೀಬಾರದಂತೇನು?” ಎಂದಳು.

“ಹೂಂ, ಕ್ಯಾಮೆರಾ” ಎಂದೆ.

ಅಂಗೈಯಗಲದ ಡಬ್ಬಿಯೊಂದು ತುಂಬಿದ ಮೈಯ ಹೆಂಗಸನ್ನು ಸಮುದ್ರದಿಂದ ಎಳೆದು ತರಲಾರದೆಂದು ನನಗೂ ಗೊತ್ತು. ಆದರೂ ಗಂಟನ್ನು ಜಗ್ಗಿ ನೋಡಿ, ಅದರ ಮೇಲೆ ಇನ್ನೊಂದು ಗಂಟು ಹಾಕಿ, ದೀಪ ಆರಿಸಿದೆ.