ಮಹಡಿ ಮೇಲಿನ ಪ್ರಿಂಟರು

ಶಂಕರಲಿಂಗಪ್ಪನವರ ಸಂಕಟವೆಲ್ಲ ಶುರುವಾದದ್ದು ಒಂದು ಪೆನ್‌ಡ್ರೈವಿನಿಂದ.

ಮಧುಗಿರಿಯಲ್ಲಿ ಅವರು ಪತ್ರ ಬರಹಗಾರರು. ಮನೆಯ ಮಹಡಿಯ ಕೋಣೆಯಲ್ಲಿ ಕೂತು ಕ್ರಯಪತ್ರ, ಭಾಗಪತ್ರಗಳನ್ನು ಟೈಪು ಮಾಡುತ್ತಾರೆ. ಮನೆಗೆಲ್ಲ ಇರುವ ಒಂದೇ ಪ್ರಿಂಟರೂ ಅಲ್ಲೇ. ಕೆಳಗೆ ಅವರ ಹೆಂಡತಿ ಜಗದಾಂಬ ಕಡ್ಲೆಕಾಯಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಪೊಟ್ಟಣದ ಲೇಬಲ್ಲಿನಲ್ಲಿ ಅಂದಂದಿನ ತಾರೀಖು ಇರಬೇಕು. ಹಾಗಾಗಿ ದಿನವೂ ಅದನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಮೆಟ್ಟಿಲ ಬುಡದಿಂದಲೇ “ರೀ!” ಎಂದು ಕೂಗಿ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಹತ್ತಿ ಬರುತ್ತಿದ್ದರು. ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಪ್ರಿಂಟರು ಗುರ್ ಎನ್ನುವಷ್ಟು ಹೊತ್ತೂ ಪಕ್ಕದ ಮನೆ ಕರಿಬಸಮ್ಮನ ಹಸು, ನಿಡುಗಲ್ಲಿನ ತವರುಮನೆ ಎಲ್ಲವೂ ಕೋಣೆಗೆ ಬಂದುಹೋಗುತ್ತಿದ್ದವು. (ಹೀಗೆ ಕೇಳುತ್ತ ಟೈಪು ಮಾಡಿ, ಶಂಕರಲಿಂಗಪ್ಪನವರು ಒಮ್ಮೆ ಯಾರದೋ ಹೊಲದ ಪೂರ್ವದ ಗಡಿಗೆ, ಅಂದರೆ ಚೆಕ್ಕುಬಂದಿಗೆ, ಕರಿಬಸಮ್ಮನ ಹಸುವನ್ನೇ ನಿಲ್ಲಿಸಿಬಿಟ್ಟಿದ್ದರು.)

“ಇನ್ನು ನೀನು ಹತ್ತಿ ಇಳಿಯೋದು ಬೇಡ. ಮನೇಲಿರೋ ಮೂರು ಕಂಪ್ಯೂಟರನ್ನೂ ಒಂದೇ ನೆಟ್‌ವರ್ಕಿಗೆ ತರ್ತೀನಿ. ಅಲ್ಲಿ ಒತ್ತಿದ್ರೆ ಇಲ್ಲಿ ಪ್ರಿಂಟ್ ಬರುತ್ತೆ,” ಅಂದರು ಶಂಕರಲಿಂಗಪ್ಪ.

“ನನ್ ಮಂಡಿ ಮ್ಯಾಲೆ ಇವತ್ತೇನು ಇಂಗೆ ಕರುಣೆ ಉಕ್ಕೈತೆ?”

ಆದರೆ ಮೂರೂ ಒಂದೇ ಜಾಯಮಾನದವಲ್ಲ. ಶಂಕರಲಿಂಗಪ್ಪನವರದು ವಿಂಡೋಸ್. ಜಗದಾಂಬರ ಹಳೇ ಲ್ಯಾಪ್‌ಟಾಪು ನಿಧಾನವಾಯಿತೆಂದು ಅವರ ತಮ್ಮ ರುದ್ರಮುನಿ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದ. ಮನೆಯಿಂದಲೇ ಆಫೀಸು ಕೆಲಸ ಮಾಡುವ ಸೊಸೆ ಭುವನಾಳದು ಮ್ಯಾಕ್. ಮೂರಕ್ಕೂ ಒಂದೇ ವೈಫೈ. ಆದರೂ ಭಾಗವಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಲಿನಕ್ಸಿಗೆ ಪ್ರಿಂಟರು ಕಂಡರೆ ಮ್ಯಾಕಿಗೆ ಕಾಣದು. ಮ್ಯಾಕನ್ನು ಒಲಿಸಿಕೊಳ್ಳುವಷ್ಟರಲ್ಲಿ ಲಿನಕ್ಸು ಮುನಿಸಿಕೊಂಡಿರುತ್ತಿತ್ತು. ಭಾನುವಾರವೆಲ್ಲ ಹೆಣಗಿದ ಮೇಲೆ ಭುವನಾ ಬಂದು, “ಮಾವ, ನಿಮ್ಮ ಕಂಪ್ಯೂಟರಲ್ಲಿ ಶೇರಿಂಗೇ ಆನ್ ಆಗಿಲ್ಲ,” ಅಂದಳು. ಎಲ್ಲವೂ ಸರಿಹೋಯಿತು.

ಶಂಕರಲಿಂಗಪ್ಪನವರು ಗಂಟಲು ಸರಿಮಾಡಿಕೊಂಡು ಘೋಷಿಸಿದರು: “ಸದರಿ ಪ್ರಿಂಟರನ್ನು ಇಂದಿನಿಂದ ಮೂವರೂ ಸಮಾನ ಹಕ್ಕಿನಿಂದ, ಯಾವ ತಂಟೆ ತಕರಾರೂ ಇಲ್ಲದೆ ಅನುಭವಿಸತಕ್ಕದ್ದು!”

ತಕರಾರು ಆ ಕ್ಷಣವೇ ಬಂತು. ಜಗದಾಂಬರ ಲ್ಯಾಪ್‌ಟಾಪು ಪ್ರಿಂಟರಿನ ಯಜಮಾನರ ಹೆಸರು ಕೇಳಿತು.

“ನನ್ನ ಹೆಸರೇ ಹಾಕು,” ಅಂದರು ಇವರು.

ಜಗದಾಂಬ ಕೈ ಹಿಂದಕ್ಕೆ ತೆಗೆದರು. ಮದುವೆಯಾದಂದಿನಿಂದ ಅವರು ಗಂಡನ ಹೆಸರು ಹೇಳಿದವರಲ್ಲ. ಬ್ಯಾಂಕಿನಲ್ಲಿ ಕೇಳಿದರೂ ಸೊಸೆಯ ಕಡೆ ಕೈ ತೋರಿಸುವವರು.

“ಬಾಯಲ್ಲಿ ಹೇಳ್ಬೇಡ ತಾಯಿ, ಬೆರಳಲ್ಲಿ ಒತ್ತು!”

“ಬೆರಳೇನು ನಂದಲ್ವಾ? ಪೋನೀ, ಬ್ಯಾರೆ ಹೆಸರು ಇಕ್ಕಿ.” (ಆಂಧ್ರದ ಗಡಿಗೆ ಹತ್ತಿರದ ನಿಡುಗಲ್ ಕಡೆಯವರು, ಬೇಸರದಲ್ಲಿ ‘ಹೋಗಲಿ’ ಎನ್ನುವಾಗ ತೆಲುಗು ತಾನಾಗಿ ನುಸುಳುತ್ತದೆ.)

ಕೊನೆಗೆ ಭುವನಾ ನಗುತ್ತ ಆ ಜಾಗಕ್ಕೆ ‘ರೀ’ ಎಂಬ ಹೊಸ ಹೆಸರು ಮಾಡಿಕೊಟ್ಟಳು. ಲ್ಯಾಪ್‌ಟಾಪು ಪ್ರತಿಸಲವೂ ಕೇಳುತ್ತಿತ್ತು, ಜಗದಾಂಬ ಪ್ರತಿಸಲವೂ ‘ರೀ’ ಎಂದು ಒತ್ತುತ್ತಿದ್ದರು. ಮೇಲೆ ಲೇಬಲ್ಲು ಬಂದುಬೀಳುತ್ತಿತ್ತು. ಅದನ್ನು ಕೆಳಗಿಳಿಸಲು ಶಂಕರಲಿಂಗಪ್ಪನವರೇ ಒಂದು ಬುಟ್ಟಿಗೆ ಹಗ್ಗ ಕಟ್ಟಿದ್ದರು. ಮೊದಲ ದಿನ ಬುಟ್ಟಿ ಖಾಲಿಯಾಗಿ ಮೇಲೆ ಬಂತು.

“ಲೇ, ಕಾಫಿ?”

“ಬುಟ್ಟೀಲಿಟ್ರೆ ಚೆಲ್ತದೆ. ಬೇಕಾದ್ರೆ ಇಳ್ದು ಬನ್ನಿ!”

ಕೆಲಸವೇನೋ ಚುರುಕಾಯಿತು. ಯಾರ ಹೊಲಕ್ಕೂ ಹಸು ನುಗ್ಗಲಿಲ್ಲ. ಆದರೆ ಮಹಡಿಯ ಕೋಣೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು. ಇಷ್ಟು ವರ್ಷ ಆ ಗಡಿಯಾರಕ್ಕೆ ಸದ್ದಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ತಾವೇ ಕಟ್ಟಿದ್ದನ್ನು ತಾವೇ ಬಿಚ್ಚಲು ಮಾನ ಅಡ್ಡ ಬಂತು. ಒಂದು ನೆಪ ಬೇಕಿತ್ತು.

ನೆಪ ಗಿರಾಕಿ ದಾಸಯ್ಯನವರ ಭಾಗಪತ್ರದ ರೂಪದಲ್ಲಿ ಬಂತು. ಶಂಕರಲಿಂಗಪ್ಪನವರು ಛಾಪಾಕಾಗದವನ್ನು ಪ್ರಿಂಟರಿಗಿಟ್ಟು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಕೆಳಗೆ ಜಗದಾಂಬ ಒತ್ತಿದರು. ದಾಸಯ್ಯನವರ ಪಿತ್ರಾರ್ಜಿತ ಸ್ವತ್ತು ಬರಬೇಕಾದಲ್ಲಿ ಸಾಲಾಗಿ ‘ಕಡ್ಲೆಕಾಯಿ ಚಟ್ನಿಪುಡಿ, ಖಾರ ಜಾಸ್ತಿ’ ಎಂದು ಬಂತು.

“ನೆಟ್‌ವರ್ಕ್ ರದ್ದು!” ಮಹಡಿಯಿಂದ ಗುಡುಗಿದರು. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. “ನಾಳೆಯಿಂದ ಹಳೇ ಪದ್ಧತಿ. ಪೆನ್‌ಡ್ರೈವ್ ತಗೊಂಡು ಪ್ರಿಂಟರ್ ಹತ್ರಾನೇ ಬರ್ಬೇಕು, ಯಾರೇ ಆಗ್ಲಿ!”

ಮರುದಿನ ಹೆಂಡತಿ ಕೂರುವ ಕುರ್ಚಿಯ ಮೇಲಿದ್ದ ಕಡತಗಳನ್ನು ತೆಗೆದಿಟ್ಟು, ಮೇಜಿನ ಮೇಲೆ ಲೋಟಕ್ಕೆ ಜಾಗ ಮಾಡಿ, ಮೆಟ್ಟಿಲಿಗೆ ಕಿವಿಕೊಟ್ಟು ಕೂತರು.

“ರೀ!”

ಎದೆ ಅರಳಿತು. ಹತ್ತಿ ಬಂದದ್ದು ಅತ್ತೆ ಸೊಸೆ ಇಬ್ಬರೂ. ಇಬ್ಬರ ಕೈಯೂ ಖಾಲಿ. ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಪ್ರಿಂಟರನ್ನೇ ಎತ್ತಿಕೊಂಡರು.

“ಏಯ್, ಎಲ್ಲಿಗೆ?”

“ಕೆಳಕ್ಕೆ. ನಿಮ್ ಸ್ಟಾಂಪ್ ಪೇಪರ್ರು ಹಾಳಾಗೋದು ಬ್ಯಾಡ ಕಣ್ರೀ. ನನ್ ಮಂಡೀನೂ ಉಳೀತದೆ.”

“ಮತ್ತೆ ನಾನು ಪ್ರಿಂಟ್ ತೆಗೆಯೋದು ಹೆಂಗೆ?”

“ಪೆನ್‌ಡ್ರೈವ್ ತಗೊಂಡು ಪ್ರಿಂಟರ್ ಹತ್ರ ಬರ್ಬೇಕು ಮಾವ,” ಅಂದಳು ಭುವನಾ, ಮೆಟ್ಟಿಲು ನೋಡಿಕೊಂಡು ಇಳಿಯುತ್ತ. “ಯಾರೇ ಆಗ್ಲಿ ಅಂತ ನೀವೇ ಅಂದ್ರಲ್ಲ.”

ಮಧ್ಯಾಹ್ನ ಪೆನ್‌ಡ್ರೈವ್ ಹಿಡಿದು ಶಂಕರಲಿಂಗಪ್ಪನವರು ಕೆಳಗಿಳಿದರು. ಪ್ರಿಂಟರು ಲೇಬಲ್ಲು ಉಗುಳುತ್ತಿತ್ತು. ಜಗದಾಂಬ ತಲೆಯೆತ್ತದೆ ಒಂದು ಕತ್ತರಿ ಮುಂದೆ ಚಾಚಿದರು.

“ಸರದಿ ಬರೋಗಂಟ ಇವನ್ನ ಕತ್ತರಿಸ್ರಿ. ಕಾಫಿ ಆಮ್ಯಾಕೆ. ಅಲ್ಲಾ, ಆ ಕರಿಬಸಮ್ಮನ ಹಸ ನಿನ್ನೆ ಏನ್ ಮಾಡ್ತು ಗೊತ್ತಾ...”

ಶಂಕರಲಿಂಗಪ್ಪನವರು, ತಾವೇ ದಿನವೂ ಪತ್ರಗಳಲ್ಲಿ ಬರೆಯುವಂತೆ, ಸ್ವಸಂತೋಷದಿಂದ, ಯಾರ ಬಲವಂತವೂ ಇಲ್ಲದೆ, ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡರು.